ಆತ್ಮಕ್ಕೆ ಜೆರಾಕ್ಸ್ ಇದೆಯಾ?

ಇವತ್ತಿನ ಮಾತು ಶುರುವಾಗೋದು ನಾನು ಮಾಡಿದ ಒಂದು ತಪ್ಪಿನಿಂದ.

ಪ್ರತಿ ಭಾನುವಾರ ರಾತ್ರಿ ನಾವು ಐದು ಜನ ವಿಡಿಯೋ ಕಾಲ್‌ನಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡ್ತೀವಿ. ಗೊತ್ತಿಲ್ಲದವರಿಗೆ ಒಂದೇ ಮಾತು: ಒಬ್ಬ ಕಥೆ ನಡೆಸ್ತಾನೆ, ಉಳಿದವರು ಅದರೊಳಗಿನ ಪಾತ್ರಗಳಾಗ್ತಾರೆ, ಗೆಲುವು ಸೋಲು ದಾಳ ಹೇಳುತ್ತೆ. ಕಥೆ ನಡೆಸೋ ಡಂಜನ್ ಮಾಸ್ಟರ್ ನಾನು. ನಮ್ಮ ಗುಂಪಿನ ವಿಝಾರ್ಡ್, ಅಂದ್ರೆ ಮಾಂತ್ರಿಕಳನ್ನ ಆಡ್ತಿದ್ದವಳು ನನ್ನ ಕಾಲೇಜಿನ ಗೆಳತಿ. ನಾಲ್ಕು ವರ್ಷ ಆಡಿದಳು. ಆಮೇಲೆ ಅವಳಿಗೆ ವಾರಾಂತ್ಯದ ಶಿಫ್ಟ್ ಬಂತು, ಬಿಟ್ಟಳು.

ಮುಂದಿನ ಭಾನುವಾರ ಗುಂಪು ಕಷ್ಟದಲ್ಲಿತ್ತು. ವಿಝಾರ್ಡ್ ಇಲ್ಲದೆ ಆಗಲ್ಲ ಅಂತ ಅವಳ ಕ್ಯಾರೆಕ್ಟರ್ ಶೀಟ್ ತೆಗೆದು ನಾನೇ ಆಡಿದೆ. ಅವಳನ್ನ ಕೇಳಲಿಲ್ಲ. ಜೋಶ್‌ನಲ್ಲಿ ಆ ಪಾತ್ರದ ಕೈಯಲ್ಲಿ, ಶರಣಾಗಿದ್ದ ಒಬ್ಬ ಕೈದಿಯನ್ನ ಸುಡಿಸಿಬಿಟ್ಟೆ. ರೆಕಾರ್ಡಿಂಗ್ ಕೇಳಿ ಅವಳು ಗ್ರೂಪ್‌ನಲ್ಲಿ ಬರೆದಿದ್ದು ಇಷ್ಟೇ: "ಅದು ನನ್ನ ವಿಝಾರ್ಡ್ ಅಲ್ಲ." ಆಮೇಲೆ ಗ್ರೂಪ್‌ನಿಂದ ಎಕ್ಸಿಟ್.

ಉಳಿದ ಹುಡುಗರ ವಾದ ಏನು ಗೊತ್ತಾ? ಶೀಟ್ ಅದೇ, ಅಂಕಿ ಅದೇ, ಮಂತ್ರಗಳು ಅವೇ, ಮತ್ತೆ ಅವಳಲ್ಲ ಅಂದ್ರೆ ಹೇಗೆ? ಉತ್ತರ ಹುಡುಕೋಣ ಅಂತ ರೂಲ್‌ಬುಕ್ ತೆಗೆದೆ. ಈ ಪ್ರಶ್ನೆ ಅಲ್ಲಿ ಮೊದಲಿಂದಲೂ ಇದೆ ಅಂತ ಆಗ ಗೊತ್ತಾಯ್ತು.

ಈ ಆಟದಲ್ಲಿ 'ಕ್ಲೋನ್' ಅನ್ನೋ ಮಂತ್ರವೇ ಇದೆ. ಎಂಟನೇ ಹಂತದ್ದು, ಅಂದ್ರೆ ಘಟಾನುಘಟಿಗಳಿಗೆ ಮಾತ್ರ. 2014ರ ನಿಯಮದ ಪ್ರಕಾರ ಸಾವಿರ ಚಿನ್ನದ ನಾಣ್ಯದ ವಜ್ರ ಬೇಕು, ಎರಡು ಸಾವಿರ ನಾಣ್ಯದ ಒಂದು ದೊಡ್ಡ ಪಾತ್ರೆ ಬೇಕು, ಜೊತೆಗೆ ಮೂಲ ವ್ಯಕ್ತಿಯ ಒಂದು ಚೂರು ಮಾಂಸ. ಪಾತ್ರೆಯೊಳಗೆ ದೇಹ ಬಲಿಯೋಕೆ 120 ದಿನ. ಆದರೆ ಬಲಿತ ಮೇಲೂ ಅದು ಏಳಲ್ಲ. ಬರೀ ದೇಹ, ಖಾಲಿ ಮನೆ. ಮೂಲ ವ್ಯಕ್ತಿ ಸತ್ತಾಗ ಅವನ ಆತ್ಮ ಬಂದು ಇದರೊಳಗೆ ಸೇರುತ್ತೆ. ನಮ್ಮ ಅಜ್ಜಿಗೆ ಹೇಳಿದ್ರೆ "ಅಯ್ಯೋ, ಪರಕಾಯ ಪ್ರವೇಶ ಕಣೋ" ಅಂತಿದ್ರು. ಸರಿಯಾಗೇ ಹೇಳ್ತಿದ್ರು, ಇಲ್ಲಿ ಪರಕಾಯದ ಬದಲು ಸ್ವಂತ ಕಾಯದ್ದೇ ನಕಲು, ಅಷ್ಟೇ ವ್ಯತ್ಯಾಸ. ಅಂದ್ರೆ ದೇಹಕ್ಕೆ ಜೆರಾಕ್ಸ್ ಇದೆ, ಆತ್ಮಕ್ಕಿಲ್ಲ. ಆತ್ಮ ಮನೆ ಬದಲಾಯಿಸುತ್ತೆ, ಎರಡಾಗಲ್ಲ.

ಮೊದಲು ಹೀಗಿರಲಿಲ್ಲ. 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಮೂಲ ವ್ಯಕ್ತಿ ಬದುಕಿರುವಾಗಲೇ ಪ್ರತಿಯೂ ಎದ್ದು ಓಡಾಡಬಹುದಿತ್ತು. ಆದರೆ ಒಬ್ಬರ ಇರವು ಇನ್ನೊಬ್ಬರಿಗೆ ತಿಳಿದ ಕ್ಷಣದಿಂದ ಇಬ್ಬರಿಗೂ ಒಂದೇ ಹಟ, ಇನ್ನೊಬ್ಬನನ್ನ ಮುಗಿಸಬೇಕು. ಆಗದಿದ್ರೆ ಹುಚ್ಚು. ನನಗಂತೂ ಇದು ಭಯಂಕರ ಪ್ರಾಮಾಣಿಕ ನಿಯಮ ಅನ್ನಿಸುತ್ತೆ. ನಿಮ್ಮ ಫೋನ್, ನಿಮ್ಮ ಅಮ್ಮ, ನಿಮ್ಮ ನೆನಪುಗಳೆಲ್ಲ ತನ್ನವೂ ಹೌದು ಅನ್ನೋ ಇನ್ನೊಬ್ಬರು ಬಾಗಿಲು ತಟ್ಟಿದ್ರೆ ಕಾಫಿ ಕೊಟ್ಟು ಕೂರಿಸ್ತೀರಾ?

ಎಡ್ ಗ್ರೀನ್‌ವುಡ್ ಸೃಷ್ಟಿಸಿದ ಫರ್ಗಾಟನ್ ರೆಲ್ಮ್ಸ್ ಲೋಕದಲ್ಲಿ ಇದರ ದೊಡ್ಡ ಉದಾಹರಣೆ ಇದೆ. ಮ್ಯಾನ್‌ಶೂನ್ ಅಂತ ಒಬ್ಬ ದುಷ್ಟ ಮಾಂತ್ರಿಕ. ಸಾವಿನ ಭಯಕ್ಕೆ ತನ್ನ ಕ್ಲೋನ್‌ಗಳನ್ನ ಸಾಲಾಗಿ ಮಾಡಿಟ್ಟಿದ್ದ. ಅವನು ಸತ್ತಾಗ ಒಂದು ಏಳಬೇಕಿತ್ತು, ಒಟ್ಟಿಗೇ ಹಲವು ಎದ್ದವು. ಪ್ರತಿಯೊಬ್ಬನೂ ನಾನೇ ನಿಜವಾದ ಮ್ಯಾನ್‌ಶೂನ್ ಅಂತ ಹೊಡೆದಾಟಕ್ಕೆ ನಿಂತ. ಉಳಿದುಕೊಂಡ ಪ್ರತಿಗಳಲ್ಲಿ ಒಬ್ಬ 2018ರ 'ವಾಟರ್‌ಡೀಪ್: ಡ್ರ್ಯಾಗನ್ ಹೈಸ್ಟ್' ಸಾಹಸದಲ್ಲಿ ಖಳನಾಗಿ ಬರ್ತಾನೆ. ಅವರಲ್ಲಿ ಯಾರ ಹತ್ತಿರ ಹಳೆಯ ಆತ್ಮ ಇತ್ತು? ನನ್ನ ಕೇಳಿದ್ರೆ, ಅವನು ಅಷ್ಟು ಸಲ ನಕಲು ಮಾಡ್ಕೊಂಡಾಗಲೇ ಆ ಪ್ರಶ್ನೆ ಕೇಳೋ ಹಕ್ಕು ಕಳ್ಕೊಂಡ.

ಈಗ ನನ್ನ ತಪ್ಪಿಗೆ ಹೆಚ್ಚು ಹತ್ತಿರದ ಮಂತ್ರಕ್ಕೆ ಬರೋಣ. ಹೆಸರು 'ಸಿಮುಲೇಕ್ರಮ್'. ಹನ್ನೆರಡು ಗಂಟೆ ಕೂತು ಹಿಮದಿಂದ ಒಂದು ಪ್ರತಿಯನ್ನ ಮಾಡೋದು. ನೋಡೋಕೆ ಥೇಟ್ ಅದೇ ಮುಖ. ಆದರೆ ಪ್ರಾಣಬಲ ಅರ್ಧ, ಮಾಡಿದವನು ಹೇಳಿದ ಹಾಗೆ ಕೇಳುತ್ತೆ. ಮುಖ್ಯವಾಗಿ, 2014ರ ನಿಯಮದಲ್ಲಿ ಅದು ಕಲಿಯಲ್ಲ, ಬೆಳೆಯಲ್ಲ. ಸತ್ತರೆ ಕರಗಿ ನೀರು. ನಾನು ಆ ಭಾನುವಾರ ಮಾಡಿದ್ದು ಇದನ್ನೇ ಅಲ್ವಾ? ನಾನು ಹೇಳಿದ್ದಕ್ಕೆ ಹೂಂ ಅನ್ನೋ ಒಂದು ಹಿಮದ ಗೊಂಬೆ.

ನಮ್ಮ ಪುರಾಣದ ಛಾಯಾದೇವಿ ನೆನಪಾದಳು. ಸೂರ್ಯನ ತಾಪ ತಡೀಲಾರದೆ ಸಂಜ್ಞಾ ತನ್ನ ನೆರಳನ್ನೇ ತನ್ನ ಜಾಗದಲ್ಲಿ ಬಿಟ್ಟು ಹೊರಟುಹೋದಳು. ಗಂಡನಿಗೇ ಗೊತ್ತಾಗಲಿಲ್ಲ. ಗುಟ್ಟು ರಟ್ಟಾಗಿದ್ದು ಮುಖದಿಂದ ಅಲ್ಲ, ಸಂಜ್ಞೆಯ ಮಕ್ಕಳನ್ನ ಅವಳು ನೋಡ್ಕೊಂಡ ರೀತಿಯಿಂದ. ಆದರೆ ಒಂದು ವಿಷಯ, ಛಾಯೆ ಹಿಮದ ಗೊಂಬೆ ಅಲ್ಲ. ಅವಳಿಗೂ ಮಕ್ಕಳಾದರು, ಶನಿ ಅವಳ ಮಗ. ನಕಲಾಗಿ ಬಂದವಳು ಬೇರೆಯವಳೇ ಆದಳು. ಹಾಗಾಗಿ ನಕಲಿಗೆ ಆತ್ಮವೇ ಇರಲ್ಲ ಅಂತ ನಾನು ಹೇಳಲ್ಲ. ಇದ್ದರೆ ಅದು ಅವಳದ್ದೇ ಹೊಸ ಆತ್ಮ, ಸಂಜ್ಞೆಯದ್ದಲ್ಲ.

ಹಾಗಾದ್ರೆ ಆರಾ? ಪ್ರಭಾವಳಿ? ಅದರದ್ದು ಬೇರೆ ಕಥೆ. 'ಡಿಟೆಕ್ಟ್ ಮ್ಯಾಜಿಕ್' ಹಾಕಿದ್ರೆ ಮಾಂತ್ರಿಕ ಶಕ್ತಿ ಇರೋದರ ಸುತ್ತ ಮಂದವಾದ ಬೆಳಕು ಕಾಣುತ್ತೆ. ಆದರೆ 'ನಿಸ್ಟುಲ್ಸ್ ಮ್ಯಾಜಿಕ್ ಆರಾ' ಅಂತ ಬರೀ ಎರಡನೇ ಹಂತದ ಮಂತ್ರ ಇದೆ, ಸುಳ್ಳು ಪ್ರಭಾವಳಿ ಹಚ್ಚೋಕೆ. ಮೂವತ್ತು ದಿನ ಒಂದೇ ವಸ್ತುವಿನ ಮೇಲೆ ದಿನಾ ಹಾಕಿದ್ರೆ, ಯಾರಾದರೂ ತೆಗೆಯೋವರೆಗೂ ಅದು ಅಳಿಯಲ್ಲ. ಎಂಟನೇ ಹಂತದ ಮಂತ್ರಕ್ಕೂ ಆತ್ಮದ ನಕಲು ಆಗಲ್ಲ, ಪ್ರಭಾವಳಿಯ ನಕಲು ಎಳೆ ಮಾಂತ್ರಿಕನಿಗೂ ಸಾಧ್ಯ. ಇನ್‌ಸ್ಟಾ ನೋಡೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಓದಿದ ಮೇಲೆ ಕ್ಲೋನ್ ಮಂತ್ರದ ಒಂದು ಸಾಲು ನನ್ನನ್ನ ಹಿಡಿದು ನಿಲ್ಲಿಸ್ತು. ಆತ್ಮ ಹೊಸ ದೇಹಕ್ಕೆ ಬರಬೇಕಾದ್ರೆ ಎರಡು ಷರತ್ತು: ಅದು ಎಲ್ಲೂ ಸೆರೆಯಾಗಿರಬಾರದು, ಮತ್ತು ಬರೋಕೆ ಅದಕ್ಕೆ ಮನಸ್ಸಿರಬೇಕು. ವಜ್ರ ಇದೆ, ಪಾತ್ರೆ ಇದೆ, 120 ದಿನ ಕಾದಿದ್ದೀರಿ. ಬರಲ್ಲ ಅಂದ್ರೆ ಮುಗೀತು. ಶೀಟು, ಅಂಕಿ, ಮಂತ್ರ ಎಲ್ಲಾ ನನ್ನ ಲ್ಯಾಪ್‌ಟಾಪ್‌ನಲ್ಲಿತ್ತು. ಇದೊಂದು ಇರಲಿಲ್ಲ.

ಅವಳಿಗೆ ಮೆಸೇಜ್ ಮಾಡಿದೆ. ಆ ಸೆಷನ್ ಕಥೆಯಿಂದ ತೆಗೆದುಹಾಕಿದ್ದೀವಿ, ಕೈದಿ ಬದುಕಿದ್ದಾನೆ, ನಿನ್ನನ್ನ ಕೇಳದೆ ಮಾಡಿದ್ದು ನನ್ನ ತಪ್ಪು ಅಂದೆ. ನಿನ್ನ ವಿಝಾರ್ಡ್‌ನ ನಾವು ಯಾರೂ ಆಡಲ್ಲ, ಬೇಕಿದ್ರೆ ನೀನೇ ಬಂದು ಕಥೆಯಿಂದ ಕಳಿಸ್ಕೊಡು ಅಂತಲೂ ಬರೆದೆ. ಎರಡು ದಿನ ಬ್ಲೂ ಟಿಕ್ ಮಾತ್ರ. ಮೂರನೇ ದಿನ ಬೆಳಗ್ಗೆ ಶಿಫ್ಟ್ ಮುಗಿಸಿ ಉತ್ತರಿಸಿದಳು:

"ಪಾತ್ರೆಗೆ ಉಪ್ಪುನೀರು ಹಾಕಿಡು. 120 ದಿನ ಆಗ್ಲಿ. ಮನಸ್ಸಿದ್ರೆ ಬರ್ತೀನಿ."

ಇವತ್ತಿಗೆ 43ನೇ ದಿನ.