ಗಾಳಿಗೆ ರಿಮೋಟ್ ಇಲ್ಲ

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತವರಿಗೂ, ಪಾತ್ರೆ ತೊಳೀತಾ ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ಮಾತು ರಿಮೋಟ್ ಹಾಯಿದೋಣಿ ಬಗ್ಗೆ.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಈ ದೋಣಿಗೆ ಓಡಿಸೋ ಮೋಟಾರೇ ಇಲ್ಲ. ಒಳಗಿರೋದು ಎರಡು ಸರ್ವೋ. ಒಂದು ಚುಕ್ಕಾಣಿ ತಿರುಗಿಸುತ್ತೆ, ಇನ್ನೊಂದು ಹಾಯಿಯ ದಾರ ಎಳೆಯುತ್ತೆ, ಬಿಡುತ್ತೆ. ಮಿಕ್ಕಿದ್ದೆಲ್ಲ ಗಾಳಿಯ ಕೆಲಸ.

ಇದು ನನಗೆ ಅರ್ಥ ಆಗಿದ್ದು ಒಂದು ಚಪ್ಪಲಿ ಕಳ್ಕೊಂಡ ಮೇಲೆ. ಮೊದಲ ದಿನ ರಿಮೋಟ್ ಕಾರ್ ಥರಾನೇ ಅಂದ್ಕೊಂಡು ಕೆರೆಗೆ ಬಿಟ್ಟೆ. ಚೆನ್ನಾಗೇ ಹೋಯ್ತು. ನಡುನೀರಲ್ಲಿ ತಿರುಗಿಸೋಕೆ ಹೋದೆ, ಗಾಳಿಗೆ ಮುಖ ಮಾಡಿ ನಿಂತುಬಿಡ್ತು. ಹಾಯಿ ಒಣಹಾಕಿದ ಬಟ್ಟೆ ಥರ ಪಟಪಟ ಅಂತಿದೆ. ನಾನು ದಾರ ಇನ್ನೂ ಬಿಗಿ ಮಾಡಿದೆ. ಕದಲಲಿಲ್ಲ. ತಾಳ್ಮೆ ಕೆಟ್ಟು, ಪ್ಯಾಂಟ್ ಮಡಚಿ ನೀರಿಗಿಳಿದೆ. ದಡದಲ್ಲಿ ಗಾಳ ಹಾಕಿ ಕೂತಿದ್ದ ಒಬ್ಬ ಹಿರಿಯರು ಕೂಗಿದ್ರು: "ಏ ತಮ್ಮಾ, ಅಲ್ಲಿ ಹೂಳೈತೆ, ಮೇಲಕ್ ಬಾ! ದೋಣಿ ಹೋದ್ರೆ ಇನ್ನೊಂದ್ ತಗೊಳ್ಳಪ್ಪ!" ಅಷ್ಟರಲ್ಲಿ ಒಂದು ಕಾಲು ಮೊಣಕಾಲ್ತನಕ ಕೆಸರಲ್ಲಿತ್ತು. ಅವರೇ ಕೈ ಕೊಟ್ಟು ಎಳೆದ್ರು. ಚಪ್ಪಲಿ ಅಲ್ಲೇ ಉಳೀತು. ಮುಕ್ಕಾಲು ಗಂಟೆ ಆದ ಮೇಲೆ ಗಾಳಿನೇ ದೋಣಿಯನ್ನ ಆಚೆ ದಡಕ್ಕೆ ತಂದು ಬಿಟ್ಟಿತ್ತು!

ಅವತ್ತು ಆಗಿದ್ದಿಷ್ಟೆ. ಯಾವ ಹಾಯಿದೋಣಿಯೂ ಗಾಳಿಗೆ ನೇರ ಎದುರಾಗಿ ಹೋಗಲ್ಲ. ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ಘಾಟಿ ರಸ್ತೆ ಥರ ಸುತ್ತಿ ಹೋಗಬೇಕು. ಸಿಕ್ಕಿಹಾಕ್ಕೊಂಡ್ರೆ ಹಾಯಿ ಸಡಿಲ ಬಿಡಿ, ಚುಕ್ಕಾಣಿಯನ್ನ ಒಂದೇ ಕಡೆಗೆ ಹಿಡಿದು ಕಾಯಿರಿ. ದೋಣಿ ಸ್ವಲ್ಪ ಹಿಂದೆ ಸರಿದು ತಾನೇ ಮೂತಿ ತಿರುಗಿಸುತ್ತೆ. ಹೊಸಬರು ಮಾಡೋ ದೊಡ್ಡ ತಪ್ಪು ಹಾಯಿಯನ್ನ ಯಾವಾಗಲೂ ಬಿಗಿಯಾಗಿ ಇಡೋದು. ಗಾಳಿ ಹಿಂದಿಂದ ಬಂದ್ರೆ ಪೂರ್ತಿ ಬಿಡಿ, ಪಕ್ಕದಿಂದ ಬಂದ್ರೆ ಅರ್ಧ. ಎದುರುಗಾಳಿಗೆ ಓರೆಯಾಗಿ ಹೋಗುವಾಗ ಮಾತ್ರ ಬಿಗಿ.

ಇನ್ನೊಂದು ತಲೆನೋವು, ದೋಣಿ ನಮ್ಮ ಕಡೆ ಬರುವಾಗ ಎಡ-ಬಲ ಅದಲು ಬದಲಾಗೋದು. ದೋಣಿ ಯಾವ ಕಡೆ ಮುಖ ಮಾಡಿದೆಯೋ ನೀವೂ ಆ ಕಡೆಗೇ ತಿರುಗಿ ನಿಂತು, ಭುಜದ ಮೇಲಿಂದ ಹಿಂದೆ ನೋಡಿ. ನೋಡೋರು ನಗ್ತಾರೆ, ನಗಲಿ ಬಿಡಿ.

ಯಾವ ದೋಣಿ ತಗೊಳ್ಳೋದು? ನಿಮ್ಮೂರಲ್ಲಿ ಬೇರೆ ಯಾರಾದ್ರೂ ಆಡ್ತಿದ್ರೆ ಅವರ ಹತ್ರ ಇರೋದನ್ನೇ ತಗೊಳ್ಳಿ, ಒಂದೇ ಥರದ ದೋಣಿ ಇದ್ರೆ ತಾನೆ ರೇಸ್‌ಗೆ ಮಜಾ. ಯಾರೂ ಇಲ್ಲ ಅಂದ್ರೆ, ನನ್ನ ಮಟ್ಟಿಗೆ, ಡ್ರ್ಯಾಗನ್ ಫೋರ್ಸ್ 65. ಉದ್ದ 650 ಮಿಲಿಮೀಟರ್. ಬೇಕಾದ್ರೆ ರಿಮೋಟ್ ಸಮೇತ ಬರುತ್ತೆ, ಗಾಳಿ ಜೋರಿದ್ದಾಗ ಹಾಕೋಕೆ ಚಿಕ್ಕ ಹಾಯಿಯ ಸೆಟ್ಟೂ ಸಿಗುತ್ತೆ. ಇಂಟರ್‌ನ್ಯಾಷನಲ್ ಒನ್ ಮೀಟರ್ ಅಂತ ಇನ್ನೊಂದು ಕ್ಲಾಸ್ ಇದೆ, ಕನಿಷ್ಠ ತೂಕವೇ 4 ಕೆಜಿ. ಸೊಗಸಾದ ದೋಣಿ, ಆದ್ರೆ ಮೊದಲನೆಯದಾಗಿ ಬೇಡ.

ಕೆರೆ ನೋಡಿ ಆರಿಸಿ, ಅನುಮತಿ ಕೇಳಿ. ದೋಣಿಯ ಅಡಿಗೆ ಉದ್ದನೆ ಕೀಲ್, ಅದರ ತುದೀಲಿ ಭಾರದ ಗುಂಡು ಇರುತ್ತೆ. ಗಾಳಿ ಮಲಗಿಸಿದ್ರೂ ದೋಣಿ ಎದ್ದು ನಿಲ್ಲೋದು ಅದರಿಂದಲೇ. ಹಾಗಾಗಿ ಮೊಣಕಾಲುದ್ದ ನೀರಾದ್ರೂ ಬೇಕು. ಅಂತರಗಂಗೆ ತುಂಬಿದ ಕೆರೆಗೆ ತರಲೇಬೇಡಿ, ಕೀಲ್‌ಗೆ ಸುತ್ತಿಕೊಂಡ್ರೆ ಮುಗೀತು. ಬಿಡೋ ಮುಂಚೆ ಹೊಸ ಬ್ಯಾಟರಿ ಹಾಕಿದ್ದೀರಾ, ಮೇಲಿನ ಕಿಂಡಿಗೆ ಟೇಪ್ ಸರಿಯಾಗಿ ಅಂಟಿದೆಯಾ ನೋಡ್ಕೊಳ್ಳಿ.

ಬ್ಯಾಗಲ್ಲಿ ಒಂದು ಟೆನಿಸ್ ಬಾಲ್, ಅದಕ್ಕೆ ಕಟ್ಟಿದ ಉದ್ದನೆ ಗಾಳದ ದಾರ ಇರಲಿ. ದೋಣಿ ಸಿಕ್ಕಿಕೊಂಡ್ರೆ ಅದರಾಚೆಗೆ ಬಾಲ್ ಎಸೆದು, ದಾರವನ್ನ ಮೆಲ್ಲಗೆ ಎಳ್ಕೊಳ್ಳಿ. ಸಿಗದಿದ್ರೆ ದಡದಲ್ಲೇ ಕೂತು ಕಾಯಿರಿ. ನೀರಿಗೆ ಮಾತ್ರ ಇಳೀಬೇಡಿ.

ನಿಮ್ಮೂರ ಕೆರೇಲಿ ಯಾರಾದ್ರೂ ಹಾಯಿದೋಣಿ ಆಡ್ತಿದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.