ಮನೆಗೆ ಬಂದ ಮೇಲಿನ ಮೊದಲ ವಾರ
(ಟ್ರಸ್ಟಿನ ವಾರ್ಷಿಕ ಸಭೆಯಲ್ಲಿ ಸುಳ್ಳ ಗ್ರಾಮದ ನಿವೃತ್ತ ಶಿಕ್ಷಕರು ಮಾಡಿದ ಭಾಷಣ)



ಹೋದ ವರ್ಷ ನಮ್ಮ ಅಣ್ಣನವರು ಹೃದಯದ ತೊಂದರೆಗೆ ಚಿಕಿತ್ಸೆ ಪಡೆದು ಹುಬ್ಬಳ್ಳಿಯಿಂದ ಮನೆಗೆ ಬಂದರು. ನೋಡಲು ಬಂದವರೆಲ್ಲ ‘ಗುಣ ಆತಲ್ಲ, ಇನ್ನೇನು’ ಅಂದರು. ನಾಲ್ಕನೇ ದಿನ ನಸುಕಿನಲ್ಲಿ ಬಚ್ಚಲಿಗೆ ಹೋಗುವಾಗ ಅವರು ತಲೆ ಸುತ್ತಿ ಬಿದ್ದರು.

ಪರಿಚಯದ ಡಾಕ್ಟರೊಬ್ಬರು ಮನೆಗೇ ಬಂದರು. ಬಿಪಿ ಬಹಳ ಇಳಿದಿತ್ತು. ‘ಮನ್ಯಾಗಿನ ಗುಳಿಗಿ ಎಲ್ಲಾ ತರ್ರಿ’ ಎಂದು ಚಾಪೆಯ ಮೇಲೆ ಹರವಿಸಿದರು. ಮೊದಲಿನಿಂದ ನುಂಗುತ್ತಿದ್ದ ಬಿಪಿ ಗುಳಿಗೆ ಒಂದು, ಆಸ್ಪತ್ರೆಯಲ್ಲಿ ಬರೆದುಕೊಟ್ಟದ್ದು ಇನ್ನೊಂದು. ಕಂಪನಿಯ ಹೆಸರು ಬೇರೆ, ಒಳಗಿನ ಔಷಧ ಒಂದೇ! ಎರಡನ್ನೂ ಕೊಡುತ್ತಿದ್ದವನು ನಾನು. ಜೀವನವಿಡೀ ಮಕ್ಕಳಿಗೆ ಓದು ಕಲಿಸಿದವನು ಡಿಸ್ಚಾರ್ಜ್ ಚೀಟಿಯನ್ನು ಓದದೆ ಕಪಾಟಿನಲ್ಲಿ ಇಟ್ಟಿದ್ದೆ.

ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರಬೇಕೆಂಬ ನಿಯಮವಿದೆ. ರಾಜ್ಯ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಆರಂಭಿಸಿದ ‘ಗೃಹ ಆರೋಗ್ಯ’ ಯೋಜನೆ ಬಿಪಿ, ಸಕ್ಕರೆ ಕಾಯಿಲೆಯ ತಪಾಸಣೆಯನ್ನು ಮನೆ ಬಾಗಿಲಿಗೆ ತಂದಿತು. 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬಂದು ಆಸ್ಪತ್ರೆಗೆ ಒಯ್ಯುತ್ತದೆ. ಆದರೆ ಆಸ್ಪತ್ರೆಯಿಂದ ತಿರುಗಿ ಬಂದ ಹಿರಿಯರನ್ನು ದಿನ ಗೊತ್ತುಮಾಡಿ ನೋಡುವವರು ಯಾರು?

ದಾನಿಗಳಲ್ಲಿ ನನ್ನ ವಿನಂತಿ ಇಷ್ಟೇ. ನಮ್ಮ ಟ್ರಸ್ಟು ಚಿಕಿತ್ಸೆಗೆ ಕೊಡುವ ನೆರವಿನ ಜೊತೆಗೆ, ಬಡ ರೋಗಿಯ ಮನೆಗೆ ಮೊದಲ ವಾರದಲ್ಲಿ ಒಮ್ಮೆ ಡಾಕ್ಟರು ಹೋಗಿಬರುವ ಖರ್ಚನ್ನೂ ಸೇರಿಸಲಿ. ಗುಳಿಗೆ, ಹೊಲಿಗೆ ಹಾಕಿದ ಗಾಯ, ಕಾಲಿನ ಬಾವು, ಮಲಗಿದಾಗಿನ ಉಸಿರಾಟ, ಬಚ್ಚಲಿನ ಜಾರುಗಲ್ಲು, ಇವೆಲ್ಲ ಒಂದೇ ಭೇಟಿಯಲ್ಲಿ ಕಣ್ಣಿಗೆ ಬೀಳುತ್ತವೆ.

ಮಕ್ಕಳೇ, ಚೀಟಿ ಇಂಗ್ಲಿಷಿನಲ್ಲಿರುತ್ತದೆ. ನಿಮ್ಮ ಮನೆಯಲ್ಲಿ ಅದನ್ನು ಓದಬಲ್ಲವರು ನೀವೇ. ಆಸ್ಪತ್ರೆ ಬಿಡುವ ಮೊದಲೇ ‘ಹಳೆಯ ಗುಳಿಗೆಯಲ್ಲಿ ಯಾವುದು ನಿಲ್ಲಿಸಬೇಕು?’ ಎಂದು ಡಾಕ್ಟರನ್ನು ಕೇಳಿರಿ. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿರಿ. ಬೆಳಿಗ್ಗೆ ಯಾವುದು, ರಾತ್ರಿ ಯಾವುದು, ಮತ್ತೆ ತೋರಿಸುವ ದಿನ ಯಾವುದು ಎಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿರಿ. ಹೃದಯದ ರೋಗಿಯ ತೂಕ ಎರಡು-ಮೂರು ದಿನದಲ್ಲಿ 2 ಕಿಲೋ ಏರಿದರೆ ಅಂದೇ ಡಾಕ್ಟರಿಗೆ ತಿಳಿಸಿರಿ.

ರೋಗಿಯನ್ನು ನೋಡಿ ಬರುವುದು ನಮ್ಮಲ್ಲಿ ಸವಾಬಿನ ಕೆಲಸ. ಬಾಳೆಹಣ್ಣು ಒಯ್ಯುತ್ತೇವೆ, ದುವಾ ಮಾಡುತ್ತೇವೆ. ಇನ್ನು ಮುಂದೆ ‘ಚೀಟಿ ಓದೀರೇನು?’ ಅಂತಲೂ ಕೇಳೋಣ. ಅಲ್ಲಾಹನ ದಯೆಯಿಂದ ನಮ್ಮ ಅಣ್ಣನವರು ಇವತ್ತು ಈ ಸಭೆಯಲ್ಲಿ ಕೂತಿದ್ದಾರೆ.