ಮರಿ ಬಿಡುವ ಮುಂಚೆ ನಕ್ಷೆ ನೋಡೋಣ

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಓದಿದ್ದು ಎಸ್‌ಎಸ್‌ಎಲ್‌ಸಿ ತನಕ. ಉಪಗ್ರಹದ ವಿಚಾರದಲ್ಲಿ ಪಾಂಡಿತ್ಯ ತೋರಿಸೋಕೆ ನಾವಿಲ್ಲಿ ನಿಂತಿಲ್ಲ. ಎಲ್ಲರ ಜೇಬಿನಲ್ಲೂ ಇರುವ ಮೊಬೈಲಿನಿಂದ ಮೀನು ಸಾಕಣೆಗೆ ಏನು ಉಪಯೋಗ ಅನ್ನೋದನ್ನು ಹೇಳಬೇಕೆಂದು ಆಡಳಿತ ಮಂಡಳಿ ಅಪ್ಪಣೆ ಮಾಡಿದೆ. ಅದಕ್ಕಾಗಿ ಎರಡು ಮಾತು.

ಸಂಜಯನಗರದ ಸುತ್ತ ಗೆದ್ದಲಹಳ್ಳಿ, ಭೂಪಸಂದ್ರ, ನಾಗಶೆಟ್ಟಿಹಳ್ಳಿ ಅಂತ ಹೆಸರು ಉಳಿದಿವೆ, ಹೊಲಗಳು ಸೈಟುಗಳಾಗಿವೆ. ನಮ್ಮ ಸದಸ್ಯರಲ್ಲಿ ಹಲವರು ಹೆಸರಘಟ್ಟ, ದೊಡ್ಡಬಳ್ಳಾಪುರದ ಕಡೆ ಜಮೀನು ಮಾಡಿಕೊಂಡು ಕೃಷಿ ಹೊಂಡದಲ್ಲಿ ಮೀನು ಸಾಕುತ್ತಿದ್ದಾರೆ. ಕೆಲವರು ಕೆರೆ ಗುತ್ತಿಗೆ ಹಿಡಿಯಲು ಸಂಘದಿಂದ ಸಾಲ ಕೇಳಿದ್ದಾರೆ. ಕೊಡುವ ಸಾಲ ನಮ್ಮೆಲ್ಲರ ಷೇರು ಹಣ. ಕೆರೆಯಲ್ಲಿ ಮೀನು ಸತ್ತರೆ ನಷ್ಟ ಗುತ್ತಿಗೆದಾರನೊಬ್ಬನದೇ ಅಲ್ಲ, ಸಂಘದ್ದೂ ಹೌದು.

2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನಿಮಗೆಲ್ಲ ಗೊತ್ತಿದೆ. ಮೀನಿಗೆ ಒಂದು ಲೀಟರ್ ನೀರಿನಲ್ಲಿ ಸುಮಾರು 5 ಮಿಲಿಗ್ರಾಂ ಆಮ್ಲಜನಕ ಇದ್ದರೆ ಕ್ಷೇಮ. ಬೇಸಿಗೆಯಲ್ಲಿ ನೀರು ಕಾದಷ್ಟೂ ಅದು ಕಡಿಮೆಯಾಗುತ್ತೆ. ಚರಂಡಿ ನೀರು ಸೇರಿದರೆ ಕೊಳೆತ ಪದಾರ್ಥ ಇನ್ನಷ್ಟು ಹೀರುತ್ತೆ. ಪಾಚಿ ಹೆಚ್ಚಿದ ಕೆರೆಯಲ್ಲಿ ಹಗಲು ಆಮ್ಲಜನಕ ಇರುತ್ತೆ, ರಾತ್ರಿಯೆಲ್ಲ ಖರ್ಚಾಗಿ ಬೆಳಗಿನ ಜಾವಕ್ಕೆ ಮೀನು ಮೇಲೆ ಬಂದು ಬಾಯಿ ಬಿಡುತ್ತೆ. ಆಮೇಲೆ ಓಡಾಡಿ ಪ್ರಯೋಜನವಿಲ್ಲ.

ಕೆರೆಯ ಯೋಗಕ್ಷೇಮ ಮೇಲಿನ ಕಾಲುವೆಯಲ್ಲಿದೆ. ನಮ್ಮ ಹಿರಿಯರು ಕೆರೆಗಳನ್ನು ಸರಪಳಿಯಂತೆ ಕಟ್ಟಿದರು. ಮೇಲಿನದರ ಕೋಡಿ ಹರಿದರೆ ಕೆಳಗಿನದಕ್ಕೆ ನೀರು. ಯಲಹಂಕ ಕಡೆಯ ನೀರು ಜಕ್ಕೂರಿಗೆ ಬಂದು, ಅಲ್ಲಿಂದ ರಾಚೇನಹಳ್ಳಿಗೆ ಹೋಗುತ್ತೆ. ಜಕ್ಕೂರಿನಲ್ಲಿ ಶುದ್ಧೀಕರಣ ಘಟಕದಿಂದ ಬಂದ ನೀರು ಜೊಂಡು ಬೆಳೆದ ತಗ್ಗಿನಲ್ಲಿ ಹಾದು ಕೆರೆ ಸೇರುವಂತೆ ಮಾಡಿದ್ದಾರೆ. ಅಲ್ಲಿ ಮೀನು ಹಿಡಿಯುವವರೂ ಇದ್ದಾರೆ. ನೀರು ಯಾವ ದಾರಿಯಲ್ಲಿ, ಏನನ್ನು ಹೊತ್ತು ಬರುತ್ತೆ ಅನ್ನೋದು ತಿಳಿದರೆ ಅರ್ಧ ಕೆಲಸ ಆದಂತೆ.

ಅದನ್ನು ನೋಡೋದು ಹೇಗೆ? ಇಸ್ರೋ ಕೇಂದ್ರ ಕಚೇರಿ ನಮ್ಮ ಪಕ್ಕದ ನ್ಯೂ ಬಿಇಎಲ್ ರಸ್ತೆಯಲ್ಲೇ ಇದೆ. ಅವರು 2009ರಲ್ಲಿ ಶುರು ಮಾಡಿದ 'ಭುವನ್' ನಕ್ಷೆಯನ್ನು ಯಾರು ಬೇಕಾದರೂ ನೋಡಬಹುದು. ದೊಡ್ಡಬೆಟ್ಟಹಳ್ಳಿಯಲ್ಲಿ ರಾಜ್ಯ ಸರ್ಕಾರದ ದೂರಸಂವೇದಿ ಕೇಂದ್ರವಿದೆ. ಅವರು ತಯಾರಿಸಿದ 'ದಿಶಾಂಕ್' ಆ್ಯಪ್ ಹಾಕಿಕೊಂಡು ಕೆರೆ ಏರಿ ಮೇಲೆ ನಿಂತರೆ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತೆ.

ಯುರೋಪಿನವರ ಸೆಂಟಿನೆಲ್-2 ಉಪಗ್ರಹಗಳು ಸುಮಾರು 5 ದಿನಕ್ಕೊಮ್ಮೆ ನಮ್ಮ ಮೇಲೆ ಹಾದು ಚಿತ್ರ ತೆಗೆಯುತ್ತವೆ. ಆ ಚಿತ್ರ ಪುಕ್ಕಟೆ. ಅದರ ಒಂದೊಂದು ಚುಕ್ಕಿ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ ಹೆಚ್ಚುಕಮ್ಮಿ ಒಂದು ಗುಂಟೆ. ಇದು ನಮ್ಮ ರೈತರಿಗೆ ಹೇಳಿ ಮಾಡಿಸಿದ ಲೆಕ್ಕ. ಮಳೆಗಾಲ ಮುಗಿದ ಮೇಲೆ ಒಂದು ಕೆರೆಯಲ್ಲಿ 1200 ಚುಕ್ಕಿ ನೀರು ಕಂಡರೆ 30 ಎಕರೆ. ಅದೇ ಕೆರೆ ಏಪ್ರಿಲ್‌ನಲ್ಲಿ 400 ಚುಕ್ಕಿ ಆದರೆ ಬರೀ 10 ಎಕರೆ. ಹೆಕ್ಟೇರಿಗೆ 4000 ಮರಿ ಎಂದು ಇಟ್ಟುಕೊಂಡರೆ ತುಂಬಿದ ಕೆರೆ ನೋಡಿದವನು 48,000 ಮರಿ ಬಿಡುತ್ತಾನೆ. ಬೇಸಿಗೆ ನೀರು ನೋಡಿದವನು 16,000ಕ್ಕೆ ನಿಲ್ಲಿಸುತ್ತಾನೆ, ಇಲ್ಲವೇ ನೀರು ಇಳಿಯೋ ಮುಂಚೆ ದೊಡ್ಡ ಮೀನು ಹಿಡಿದು ಮಾರುತ್ತಾನೆ. ಹೋದ ನಾಲ್ಕೈದು ಬೇಸಿಗೆಯ ಚಿತ್ರ ಒಟ್ಟಿಗಿಟ್ಟು ನೋಡಿದರೆ ಬಾಯಿ ಮಾತಿನ ಅಂದಾಜು ಬೇಕಿಲ್ಲ.

ನಕ್ಷೆಯನ್ನೇ ನಂಬಿ ಕೂರೋದಕ್ಕೂ ಆಗಲ್ಲ. ಮೋಡ ಇದ್ದರೆ ಕೆರೆ ಕಾಣೋದಿಲ್ಲ. ಅಂತರಗಂಗೆ ಮುಚ್ಚಿದ್ದರೆ ನೀರು ಹಸಿರು ನೆಲದ ಹಾಗೆ ಕಾಣುತ್ತೆ. ಆಳ ಗೊತ್ತಾಗಲ್ಲ, ವಾಸನೆಯಂತೂ ಬರೋದೇ ಇಲ್ಲ. ಹಗ್ಗಕ್ಕೆ ಕಲ್ಲು ಕಟ್ಟಿ ಆಳ ನೋಡಬೇಕು, ಕಾಲುವೆ ಉದ್ದಕ್ಕೂ ನಡೆಯಬೇಕು, ಬೆಳಗಿನ ಜಾವ ನೀರು ಪರೀಕ್ಷಿಸಬೇಕು. ಹೆಬ್ಬಾಳದಲ್ಲಿ ಮೀನುಗಾರಿಕೆ ಸಂಶೋಧನಾ ಕೇಂದ್ರ, ಹೆಸರಘಟ್ಟದಲ್ಲಿ ಸಿಹಿನೀರು ಮೀನು ಸಂಶೋಧನಾ ಕೇಂದ್ರ ಇವೆ. ಕಾಟ್ಲಾ ಮೇಲಿನ ನೀರಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುತ್ತೆ. ನಿಮ್ಮ ನೀರಿಗೆ ಯಾವುದು ಎಷ್ಟು ಅಂತ ಅಲ್ಲಿ ಕೇಳಿ ತಿಳಿಯೋಣ.

ಇನ್ನೊಂದು ಮಾತು ಹೇಳಲೇಬೇಕು, ಯಾರೂ ಬೇಸರ ಮಾಡ್ಕೋಬೇಡಿ. ನಕ್ಷೆ ತೆಗೆದಾಗ ಕಾಲುವೆಯೊಳಗೆ ಯಾರದೋ ಬೇಲಿ ಕಾಣಬಹುದು. ಆ ಬೇಲಿ ನಮ್ಮ ಸದಸ್ಯರದ್ದೇ ಇರಬಹುದು, ನಿರ್ದೇಶಕರದ್ದೂ ಇರಬಹುದು. ಮೊಬೈಲ್ ನಕ್ಷೆ ಹದ್ದುಬಸ್ತಿಗೆ ಸಾಲದು, ಅದಕ್ಕೆ ಸರ್ವೆಯರ್ ಬಂದು ಅಳೆಯಬೇಕು. ಅಳೆದ ಮೇಲೆ ಕಾಲುವೆ ಬಿಡಲೇಬೇಕು. ನೀರು ಬರೋ ದಾರಿ ಮುಚ್ಚಿಟ್ಟು ಮೀನಿಗೆ ಸಾಲ ಕೇಳಿದರೆ ಸಂಘ ಯಾವ ಧೈರ್ಯದ ಮೇಲೆ ಕೊಡಬೇಕು?

ಆದ್ದರಿಂದ ಮಹಾಸಭೆ ಮುಂದೆ ನಮ್ಮ ಕೋರಿಕೆ ಇಷ್ಟು. ಮೀನು ಸಾಕಣೆ ಸಾಲದ ಅರ್ಜಿ ಜೊತೆ ಕೆರೆ ಅಥವಾ ಹೊಂಡದ ನಕ್ಷೆ, ತುಂಬಿದಾಗಿನ ನೀರು, ಬೇಸಿಗೆ ನೀರು, ನೀರು ಬರುವ ದಾರಿ ಬರೆದ ಒಂದು ಹಾಳೆ ಇರಲಿ. ಮೊಬೈಲ್ ಬಲ್ಲ ನಮ್ಮ ಮಕ್ಕಳು ಹಾಳೆ ಬರೆಯಲಿ, ಕೆರೆ ಬಲ್ಲ ಹಿರಿಯರು ಜೊತೆಗೆ ನಡೆದು ಸರಿಯೋ ತಪ್ಪೋ ಹೇಳಲಿ. ಇಬ್ಬರ ಸಹಿಯೂ ಬೀಳಲಿ.

ಇಪ್ಪತ್ತೈದು ವರ್ಷ ಸಂಘ ಉಳಿದಿರುವುದು ಲೆಕ್ಕ ಸರಿಯಾಗಿಟ್ಟಿದ್ದರಿಂದ. ನೀರಿಗೂ ಅದೇ ಲೆಕ್ಕ ಇಡೋಣ.  ಜೈ ಸಹಕಾರ, ಜೈ ಕರ್ನಾಟಕ.